ಗೇಮ್ ಅಂದರೆ ಪಬ್ಜಿ, ರಮ್ಮಿ ಎರಡೇನಾ?

ನಮ್ಮ ಕಡೆ ವಿಡಿಯೊ ಗೇಮ್ ಅಂದ ಕೂಡಲೇ ಕಣ್ಣಿಗೆ ಬರುವವರು ಇಬ್ಬರೇ: ಪಬ್ಜಿ ಆಡಿ ಓದು ಕೆಡಿಸಿಕೊಂಡ ಹುಡುಗ, ರಮ್ಮಿ ಆಡಿ ಸಂಬಳ ಕಳಕೊಂಡ ಗಂಡಸು. 2021ರಲ್ಲಿ ರಾಜ್ಯ ಸರ್ಕಾರ ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ, ಮರುವರ್ಷ ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ರದ್ದು ಮಾಡಿದಾಗಲೂ ಚರ್ಚೆ ‘ಕೌಶಲವೋ ಅದೃಷ್ಟವೋ’ ಎಂಬಲ್ಲೇ ಗಿರಕಿ ಹೊಡೆಯಿತು. ಜೂಜಿನ ಮಟ್ಟಿಗೆ ಅದು ಸರಿಯಾದ ಪ್ರಶ್ನೆಯೇ. ಆದರೆ ಗೇಮ್ ಅಂದರೆ ಅಷ್ಟೇ ಅಂದುಕೊಂಡುಬಿಟ್ಟಿದ್ದೇವೆ.

ನಾನಿರುವ ಪೋಲೆಂಡ್‌ನಲ್ಲಿ 2020ರಲ್ಲಿ ಸರ್ಕಾರವೇ ಒಂದು ಗೇಮನ್ನು ಶಾಲೆಯ ಐಚ್ಛಿಕ ಓದಿನ ಪಟ್ಟಿಗೆ ಸೇರಿಸುವುದಾಗಿ ಹೇಳಿತು, ಅದೂ 18 ತುಂಬಿದ ವಿದ್ಯಾರ್ಥಿಗಳಿಗಷ್ಟೇ. ವಾರ್ಸಾದ 11 ಬಿಟ್ ಸ್ಟುಡಿಯೋಸ್ 2014ರಲ್ಲಿ ತಂದ ‘ದಿಸ್ ವಾರ್ ಆಫ್ ಮೈನ್’ ಅದು. ತೊಂಬತ್ತರ ದಶಕದ ಬೋಸ್ನಿಯಾ ಯುದ್ಧದಲ್ಲಿ ನಡೆದ ಸರಾಯೆವೊ ನಗರದ ಮುತ್ತಿಗೆಯಿಂದ ಪ್ರೇರಣೆ ಪಡೆದ ಈ ಆಟದಲ್ಲಿ ನೀವು ಸೈನಿಕರಲ್ಲ, ಮುರುಕು ಮನೆಯಲ್ಲಿ ಸಿಕ್ಕಿಬಿದ್ದ ನಾಗರಿಕರು. ಹಗಲು ಸ್ನೈಪರ್ ಭಯ, ಹೊರಗೆ ಕಾಲಿಡುವಂತಿಲ್ಲ. ಒಲೆ, ಮಂಚ, ಮಳೆನೀರು ಹಿಡಿಯುವ ಪಾತ್ರೆ ಮಾಡಿಕೊಳ್ಳಬೇಕು. ರಾತ್ರಿ ಒಬ್ಬರು ಹೊರಗೆ ಹೋಗಿ ಹುಡುಕಿ ತರಬೇಕು. ಆಟದ ಪಾತ್ರಗಳಲ್ಲಿ ಮಾರ್ಕೊ ಎಂಬವನ ಚೀಲದಲ್ಲಿ 15 ಖಾನೆ, ಅಡುಗೆ ಬಲ್ಲ ಬ್ರೂನೊನದರಲ್ಲಿ ಹತ್ತೇ. ಔಷಧಿ ತುಂಬಿಕೊಂಡರೆ ಸೌದೆಗೆ ಜಾಗವಿಲ್ಲ.

ಒಂದು ಮನೆಯಲ್ಲಿ ವೃದ್ಧ ದಂಪತಿ. ಅವರ ಫ್ರಿಜ್ಜು ಖಾಲಿ ಮಾಡಿದರೆ ಯಾರೂ ತಡೆಯುವುದಿಲ್ಲ. ಆದರೆ ಕದ್ದು ತಂದವನು ಕುಗ್ಗುತ್ತಾನೆ. ಕೊರಗು ಹೆಚ್ಚಿದರೆ ಹೇಳಿದ ಕೆಲಸವನ್ನೇ ಮಾಡುವುದಿಲ್ಲ. ಜೊತೆಯವರು ಕೂತು ಮಾತಾಡಿಸಬೇಕು. ಹೊಸಬರು ಮುಗ್ಗರಿಸುವುದು ಇಲ್ಲೇ: ಉಗ್ರಾಣ ತುಂಬಿದರೆ ಗೆದ್ದೆವು ಅಂದುಕೊಳ್ಳುತ್ತಾರೆ. ಉಪದೇಶದ ಒಂದು ಸಾಲೂ ಇಲ್ಲದೆ, ಬರೀ ನಿಯಮಗಳಿಂದಲೇ ಆಟ ಮಾತಾಡುತ್ತದೆ.

ನಮ್ಮಲ್ಲಿ ಇಂಥದಕ್ಕೆ ಸರಕಿಲ್ಲವೇ? ಕೋಲಾರದ ಕೆರೆಗಳ ನೀರಗಂಟಿಯನ್ನೇ, ಅಂದರೆ ಗದ್ದೆಗಳಿಗೆ ಕೆರೆ ನೀರು ಹಂಚುವವನನ್ನೇ, ತೆಗೆದುಕೊಳ್ಳಿ. ಹಲವು ಊರುಗಳಲ್ಲಿ ಅವನು ದಲಿತ. ಆದರೆ ತೂಬು ಎತ್ತುವ ಕೈ ಅವನದು. ಮಳೆ ಕೈಕೊಟ್ಟ ವರ್ಷ ಅಚ್ಚುಕಟ್ಟಿನ ಕೊನೆಯ ಗದ್ದೆಗೆ ನೀರು ಮುಟ್ಟಿಸಬೇಕು, ಆದರೆ ಸುಗ್ಗಿಯಲ್ಲಿ ತನ್ನ ಪಾಲಿನ ಕಾಳನ್ನು ಮೊದಲ ಗದ್ದೆಯ ಗೌಡರಿಂದಲೂ ಪಡೆಯಬೇಕು. ನೀರಿನ ಮಟ್ಟ, ಸರದಿ, ಊರಿನ ಮುನಿಸು: ಈ ಮೂರೇ ಅಂಕಿಗಳ ಮೇಲೆ ಇಡೀ ಆಟ ಕಟ್ಟಬಹುದು.

ಮಾಡಹೊರಟವರಿಗೆ ಮೊದಲ ತೊಡಕು ಅಕ್ಷರದ್ದು. ಗೇಮ್ ಕಟ್ಟುವ ತಂತ್ರಾಂಶ ಯೂನಿಟಿಯಲ್ಲಿ ಅಕ್ಷರ ಮೂಡಿಸುವ ಟೆಕ್ಸ್ಟ್‌ಮೆಶ್‌ಪ್ರೊ ಒಂದೊಂದು ಸಂಕೇತಕ್ಕೆ ಒಂದೊಂದು ಚಿತ್ರ ಇಡುತ್ತದೆಯೇ ಹೊರತು ಒತ್ತಕ್ಷರ ಕೂಡಿಸುವುದಿಲ್ಲ. ಹಾಗಾಗಿ ‘ಸ್ತ್ರೀ’ ಬಿಡಿಬಿಡಿಯಾಗಿ, ‘ಸೂರ್ಯ’ದ ಅರ್ಕಾವತ್ತು ಇಲ್ಲದೆ ಕಾಣುತ್ತವೆ. ಇಂಥದೇ ಇನ್ನೊಂದು ತಂತ್ರಾಂಶ ಗೊಡೊ 4ರಲ್ಲಿ ಒತ್ತಕ್ಷರ ಕೂಡಿಸುವ ಹಾರ್ಫ್‌ಬಜ್ ಒಳಗೇ ಇದೆ; ನೋಟೊ ಸಾನ್ಸ್ ಕನ್ನಡ ಫಾಂಟ್ ಹಾಕಿ ಈ ಎರಡು ಪದಗಳನ್ನೇ ಮೊದಲು ಮೂಡಿಸಿ ನೋಡಿ, ಚಿತ್ರ ಬರೆಯುವ ಕೆಲಸ ಆಮೇಲಿರಲಿ.