ಮುಟ್ಟಿದರೆ ತುರಿ

ನಮ್ಮ ಭಾವನಿಗೆ ಗೊತ್ತಿಲ್ಲದ ಗಿಡವೇ ಇಲ್ಲ. ಹೆಸರುಗಳು ಮಾತ್ರ ಆಗಾಗ ಬದಲಾಗುತ್ತವೆ, ಅಷ್ಟೆ. ಮೊನ್ನೆ ಕೈತೋಟದಲ್ಲಿ ಕಳೆ ಕೀಳುವಾಗ, ಬೇಲಿಗೆ ಸುತ್ತಿಕೊಂಡ ಗರಗಸದಂಚಿನ ಎಲೆಯ ಬಳ್ಳಿ ಕಂಡು, "ಇದು ತುಳಸಿ ಜಾತಿ, ಬೇಕಾದ್ರೆ ಮೂಸಿ ನೋಡು" ಎಂದರು. ನಾನು ಮೂಸಲಿಲ್ಲ. ಅವರೇ ಮೂಸಿದರು.

ಅದು ತುರುಚೆ. ಎಲೆ, ಕಾಂಡ ಎಲ್ಲಾ ಕಡೆ ಸಣ್ಣ ಬಿಳಿ ಕೂದಲು. ಚುಚ್ಚುವ ಕೂದಲಿನೊಳಗೆ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಹರಳು. ಬಗ್ಗಿ, ಬಿಸಿಲಿಗೆ ಎದುರಾಗಿ ನೋಡಿದರೆ ಕೂದಲು ಮಿಂಚುವುದು ಕಾಣುತ್ತದೆ. ನೋಡಬೇಕು, ಮೂಗು ತೂರಿಸಬಾರದು. ಭಾವನ ಮೂಗು ಕೆಂಪಗೆ ಊದಿಕೊಂಡಿತು. ಆದರೂ "ತುಳಸಿಯಲ್ಲೂ ಖಾರದ ಜಾತಿ ಇರುತ್ತೆ" ಅನ್ನೋದು ಬಿಡಲಿಲ್ಲ.

ನಸುಗುನ್ನಿ ಇನ್ನೂ ಕಿಲಾಡಿ. ಅದರ ಕಾಯಿ ಕಂದು ಮಖಮಲ್ಲಿನ ಹಾಗೆ ಕಾಣುತ್ತದೆ, ಸವರೋಣ ಅನ್ನಿಸುತ್ತದೆ. ಒಣಗಿದ ಮೇಲಂತೂ ಮುಟ್ಟುವುದೂ ಬೇಡ, ಗಾಳಿಗೆ ಕೂದಲು ಹಾರಿ ಬಂದು ಕತ್ತಿನ ಮೇಲೆ ಕೂರುತ್ತದೆ. ಆ ಕೂದಲಿನಲ್ಲಿರುವ ಮ್ಯುಕುನೇನ್ ಎಂಬ ಕಿಣ್ವದಿಂದ ತುರಿಕೆ. ಮಾಮೂಲಿ ಅಲರ್ಜಿಯಲ್ಲಿ ತುರಿಸುವುದು ಮೈಯೇ ಬಿಡುವ ಹಿಸ್ಟಮಿನ್ ಎಂಬ ರಾಸಾಯನಿಕದಿಂದ, ಇದು ಆ ದಾರಿ ಹಿಡಿಯುವುದಿಲ್ಲ. ಹಾಗಾಗಿ ಮಾಮೂಲಿ ಅಲರ್ಜಿ ಮಾತ್ರೆಗೆ ಅಷ್ಟಾಗಿ ಜಗ್ಗುವುದಿಲ್ಲ.

ನನಗೆ ನಿಜವಾಗಿ ಭಯ ಇರುವುದು ಪಾರ್ಥೇನಿಯಂ ಕಂಡರೆ, ಅದೇ ಕಾಂಗ್ರೆಸ್ ಗಿಡ. ಕ್ಯಾರೆಟ್ ಸೊಪ್ಪಿನಂಥ ಎಲೆ, ಪುಟ್ಟ ಬಿಳಿ ಹೂ, ನೋಡಲು ಎಷ್ಟು ಪಾಪ ಅಲ್ವಾ? ತುರುಚೆ ಆದರೂ ಮುಟ್ಟಿದ ಕೂಡಲೇ ಲೆಕ್ಕ ಚುಕ್ತಾ ಮಾಡುತ್ತದೆ. ಇದು ಹಾಗಲ್ಲ. ವರ್ಷಗಟ್ಟಲೆ ಬರಿಗೈಯಲ್ಲಿ ಕಿತ್ತರೂ ಸುಮ್ನೆ ಇರುತ್ತದೆ. ಪಾರ್ಥೆನಿನ್ ಎಂಬ ಅಂಶ ಮೈಗೆ ಒಮ್ಮೆ ಒಗ್ಗದೆ ಹೋಯಿತೋ, ಆಮೇಲೆ ಸೋಕಿದಾಗಲೆಲ್ಲ ಒಂದೆರಡು ದಿನ ಬಿಟ್ಟು ಕಣ್ರೆಪ್ಪೆ, ಕತ್ತು, ಮೊಣಕೈ ಮಡಿಕೆಯಲ್ಲಿ ಗಂದೆ. ಅಷ್ಟೊತ್ತಿಗೆ ಬೈಗುಳವೆಲ್ಲ ಹೊಸ ಸೋಪಿಗೆ ಹೋಗಿರುತ್ತದೆ. ಹೂ ಬಿಡುವ ಮೊದಲೇ ಕೈಗವಸು, ತುಂಬು ತೋಳಿನ ಅಂಗಿ ಹಾಕಿ ಕಿತ್ತುಬಿಡಬೇಕು.

ತುರುಚೆ, ನಸುಗುನ್ನಿ ತಗುಲಿದರೆ ಕೆರೆಯಬೇಡಿ. ಕೆರೆದಷ್ಟೂ ಕೂದಲು ಒಳಗೆ ಹೋಗುತ್ತದೆ. ಅಂಟು ಟೇಪ್ ಒತ್ತಿ, ಎಳೆದು ತೆಗೆದು, ಆಮೇಲೆ ಸೋಪು ನೀರಿನಲ್ಲಿ ತೊಳೆಯಿರಿ. ಟೇಪಿಗೆ ಗಿಡದ ಕೂದಲು ಯಾವುದು, ಕೈಯ ಕೂದಲು ಯಾವುದು ಅಂತ ಭೇದವಿಲ್ಲ. ಎಳೆದ ಮೇಲೆ ಗಿಡವನ್ನು ಯಾರೂ ಬೈಯುವುದಿಲ್ಲ, ಟೇಪ್ ಹಚ್ಚಿದವರನ್ನೇ ಬೈಯುತ್ತಾರೆ.