‘ದಿ ಎಕ್ಸಾರ್ಸಿಸ್ಟ್’ ಸಂಗೀತದ ಕುರಿತು ಸ್ಪಷ್ಟನೆ

‘ದಿ ಎಕ್ಸಾರ್ಸಿಸ್ಟ್ ಚಿತ್ರಕ್ಕೆಂದೇ ಮೈಕ್ ಓಲ್ಡ್‌ಫೀಲ್ಡ್ ಟ್ಯೂಬ್ಯುಲರ್ ಬೆಲ್ಸ್ ರಚಿಸಿದರು’ ಎಂಬ ಸಂದೇಶ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಹಿಂದೊಮ್ಮೆ ನಾನೂ ಇದನ್ನೇ ಬರೆದಿದ್ದೆ, ಅದು ತಪ್ಪು.

ಇಂಗ್ಲೆಂಡಿನ ಸಂಗೀತಗಾರ ಓಲ್ಡ್‌ಫೀಲ್ಡ್ ಅವರ ‘ಟ್ಯೂಬ್ಯುಲರ್ ಬೆಲ್ಸ್’ ಆಲ್ಬಂ ಬಿಡುಗಡೆಯಾದದ್ದು 1973ರ ಮೇ 25ರಂದು, ದೆವ್ವದ ಕಥೆಯ ಆ ಹಾಲಿವುಡ್ ಚಿತ್ರ ತೆರೆಕಂಡದ್ದು ಅದೇ ವರ್ಷದ ಡಿಸೆಂಬರ್ 26ರಂದು. ಹತ್ತೊಂಬತ್ತರ ಹರೆಯದ ಓಲ್ಡ್‌ಫೀಲ್ಡ್, ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರ್‌ನ ಮ್ಯಾನರ್ ಸ್ಟುಡಿಯೋದಲ್ಲಿ ಬಹುಪಾಲು ವಾದ್ಯಗಳನ್ನು ತಾವೇ ನುಡಿಸಿ, ಪದರದ ಮೇಲೆ ಪದರವಾಗಿ ಧ್ವನಿಮುದ್ರಿಸಿದ ಈ ಪ್ರೋಗ್ರೆಸಿವ್ ರಾಕ್ (ರಾಕ್ ಸಂಗೀತದ ಪ್ರಯೋಗಶೀಲ ಶೈಲಿ) ಕೃತಿಗೆ ದೆವ್ವದ ಕಥೆಯ ಸಂಬಂಧವೇ ಇರಲಿಲ್ಲ. ನಿರ್ದೇಶಕ ವಿಲಿಯಂ ಫ್ರೀಡ್‌ಕಿನ್ ಅವರು ಲಾಲೋ ಶಿಫ್ರಿನ್ ಸಿದ್ಧಪಡಿಸಿದ್ದ ಸಂಗೀತವನ್ನು ಕೈಬಿಟ್ಟು, ಈಗಾಗಲೇ ಇದ್ದ ಕೃತಿಗಳನ್ನು ಆಯ್ದುಕೊಂಡಾಗ, ಈ ಆಲ್ಬಮ್ಮಿನ ಆರಂಭದ ಪುಟ್ಟ ತುಣುಕೊಂದು ಚಿತ್ರದೊಳಗೆ ಬಂತು.

ಆ ತುಣುಕನ್ನು ಗಮನವಿಟ್ಟು ಕೇಳಿ: ಒಮ್ಮೆ ಏಳು, ಒಮ್ಮೆ ಎಂಟು ಮಾತ್ರೆಗಳಾಗಿ ಸಾಗುವ ಪಿಯಾನೋ, ಒಂದು ಮಾತ್ರೆ ಎಲ್ಲೋ ಜಾರಿತೇನೋ ಎಂಬ ಕಳವಳವನ್ನು ಹುಟ್ಟಿಸುತ್ತಲೇ ಇರುತ್ತದೆ. ಚಿತ್ರದಲ್ಲಿ ಕೇಳಿಸುವುದು ಘಂಟೆಗಳು ಎಂಬ ಮಾತೂ ಸರಿಯಲ್ಲ. ಆಲ್ಬಮ್ಮಿಗೆ ಹೆಸರು ಕೊಟ್ಟ ಕೊಳವೆಘಂಟೆಗಳು (ಟ್ಯೂಬ್ಯುಲರ್ ಬೆಲ್ಸ್) ಮೊಳಗುವುದು ಧ್ವನಿತಟ್ಟೆಯ ಮೊದಲ ಬದಿಯ ಕೊನೆಯಲ್ಲಿ, ನಿರೂಪಕರಾಗಿ ವಿವಿಯನ್ ಸ್ಟ್ಯಾನ್‌ಶಾಲ್ ಒಂದೊಂದೇ ವಾದ್ಯದ ಹೆಸರು ಕರೆದಾದ ಮೇಲೆ.

1974ರಲ್ಲಿ ಅಮೆರಿಕದಲ್ಲಿ ಚಿತ್ರದ ಹೆಸರು ಹೊತ್ತ ಅದರ ಸಿಂಗಲ್ (ಬಿಡಿ ಧ್ವನಿತಟ್ಟೆ) ಬಂದದ್ದರಿಂದ ಗೊಂದಲ ಸಹಜ. ಆದರೂ ಒಬ್ಬ ತರುಣನ ಸ್ವತಂತ್ರ ಸಾಧನೆಯನ್ನು ಚಿತ್ರದ ಬಾಲಂಗೋಚಿಯಾಗಿಸುವ ಆ ಸಂದೇಶವನ್ನು ದಯವಿಟ್ಟು ಇನ್ನು ಮುಂದೆ ಯಾರಿಗೂ ಕಳುಹಿಸಬೇಡಿ. ಈಗಾಗಲೇ ಕಳುಹಿಸಿದ್ದರೆ, ಈ ಎರಡು ದಿನಾಂಕಗಳನ್ನು ಅವರಿಗೆ ತಿಳಿಸಿ.