ಯುರೋಪಿಗೆ ಕಾರೋ, ರೈಲೋ

ಮೊದಲೇ ಹೇಳಿಬಿಡುತ್ತೇನೆ. ಯುರೋಪಿನಲ್ಲಿ ನಾಲ್ಕೈದು ಊರು ನೋಡಬೇಕು ಅಂತಿದ್ದರೆ ರೈಲಿನಲ್ಲಿ ಹೋಗಿ. ಕಾರು ಬೇಕೇ ಬೇಕು ಅನ್ನುವವರು ನಡುವೆ ಎರಡು ಮೂರು ದಿನ, ಒಂದೇ ದೇಶದೊಳಗೆ, ಹಳ್ಳಿ ಕಡೆ ಸುತ್ತಲು ತಗೊಳ್ಳಿ. ಈ ವಿಷಯಕ್ಕೆ ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ ಸದ್ಯ ದೊಡ್ಡ ಜಗಳವೇ ನಡೆಯುತ್ತಿದೆ.

ಭಾವನವರ ಎಕ್ಸೆಲ್ ಶೀಟು ಹೀಗಿದೆ: ಆಮ್‌ಸ್ಟರ್‌ಡ್ಯಾಮ್, ಬ್ರಸೆಲ್ಸ್, ಪ್ಯಾರಿಸ್, ಲುಸರ್ನ್, ಮ್ಯೂನಿಕ್, ವೆನಿಸ್, ಫ್ಲಾರೆನ್ಸ್, ರೋಮ್. ಹನ್ನೆರಡು ದಿನ. ಜೊತೆಗೆ ಅಕ್ಕ, ಇಬ್ಬರು ಮಕ್ಕಳು, ಮಂಡಿನೋವಿನ ಅವರಮ್ಮ. ಎಲ್ಲಾ ಕಾರಿನಲ್ಲೇ. "ಕಾರಿದ್ರೆ ನಮ್ಮಿಷ್ಟ ಕಣೋ, ಎಲ್ಲಿ ಬೇಕೋ ಅಲ್ಲಿ ನಿಲ್ಲಿಸಬಹುದು" ಅಂದರು. "ಪ್ಯಾರಿಸ್‌ನಲ್ಲಿ ಎಲ್ಲಿ ನಿಲ್ಲಿಸ್ತೀರಿ ಭಾವ?" ಅಂದೆ. ಥಂಬ್ಸಪ್ ಇಮೋಜಿ ಬಂತು.

ಊರು ಬದಲಾಯಿಸುವ ದಿನ ಅಂದರೆ ಅರ್ಧ ದಿನ ಹೋಯಿತು ಅಂತಲೇ ಲೆಕ್ಕ. ಪ್ಯಾಕ್ ಮಾಡಬೇಕು, ರೂಮು ಖಾಲಿ ಮಾಡಬೇಕು, ಪ್ರಯಾಣ ಮುಗಿಸಿ ಹೊಸ ಹೋಟೆಲು ಹುಡುಕಬೇಕು. ಅಲ್ಲಿ ಬಹಳ ಕಡೆ ಮಧ್ಯಾಹ್ನ ಎರಡು ಮೂರರವರೆಗೆ ರೂಮು ಕೊಡುವುದೇ ಇಲ್ಲ. ಎಂಟು ಊರು ಅಂದರೆ ಏಳು ಸಲ ಹೀಗೆ. ಮೂರೂವರೆ ದಿನ ಸೂಟ್‌ಕೇಸಿನ ಜಿಪ್ ಎಳೆಯುವುದರಲ್ಲೇ ಹೋಯಿತು, ಅಲ್ವಾ?

ನಾನು ಕತ್ತರಿಸಿ ಕೊಟ್ಟಿದ್ದು ಇಷ್ಟು: ಪ್ಯಾರಿಸ್ ಮೂರು ರಾತ್ರಿ, ಲುಸರ್ನ್ ಮೂರು, ಫ್ಲಾರೆನ್ಸ್ ಮೂರು, ರೋಮ್ ಎರಡು. ಬೆಂಗಳೂರಿನಿಂದ ಪ್ಯಾರಿಸ್‌ಗೆ ನೇರ ವಿಮಾನ ಇದೆ. ವಾಪಸ್ ರೋಮ್‌ನಿಂದ ಹತ್ತಿ. ಟಿಕೆಟ್ ತೆಗೆಯುವಾಗ 'ಮಲ್ಟಿ ಸಿಟಿ' ಒತ್ತಿದರೆ ಆಯಿತು, ಒಂದೇ ಟಿಕೆಟ್ಟಿನಲ್ಲಿ ಬರುತ್ತದೆ. ವಾಪಸ್ ವಿಮಾನಕ್ಕೋಸ್ಕರ ಮತ್ತೆ ಪ್ಯಾರಿಸ್‌ವರೆಗೆ ಹೋಗಿ ಬರುವುದು ಶುದ್ಧ ದಂಡ.

ವೆನಿಸ್ ಬೇಕು ಅಂತ ಮಕ್ಕಳು ಹಠ ಹಿಡಿದಿದ್ದಾರೆ. ಹಿಡಿಯಲಿ. ಫ್ಲಾರೆನ್ಸ್‌ನಿಂದ ವೇಗದ ರೈಲಿನಲ್ಲಿ ಎರಡು ಚಿಲ್ಲರೆ ಗಂಟೆ. ಬೆಳಗ್ಗೆ ಹೋಗಿ ರಾತ್ರಿ ಬಂದುಬಿಡಬಹುದು. ವೆನಿಸ್ ಒಳಗೆ ಕಾರು ಹೋಗುವುದಿಲ್ಲ. ಸೇತುವೆಗಳಿಗೆಲ್ಲ ಮೆಟ್ಟಿಲು. ಲಗೇಜು ಫ್ಲಾರೆನ್ಸ್‌ನ ರೂಮಿನಲ್ಲೇ ಬಿಟ್ಟು ಕೈಬೀಸಿಕೊಂಡು ಹೋಗುವವನೇ ಅಲ್ಲಿ ಜಾಣ. ಏಪ್ರಿಲ್‌ನಿಂದ ಜುಲೈ ನಡುವೆ ಕೆಲವು ದಿನ, ರಾತ್ರಿ ಉಳಿಯದೆ ಬಂದು ಹೋಗುವವರಿಗೆ ಪ್ರವೇಶ ಶುಲ್ಕ ಇರುತ್ತದೆ. ಹೋಗುವ ಮುಂಚೆ ದಿನಾಂಕ ನೋಡಿಕೊಳ್ಳಿ.

ಪ್ಯಾರಿಸ್‌ನಲ್ಲಿ ಒಂದು ಸ್ಟೇಷನ್ ಅಲ್ಲ, ದಿಕ್ಕಿಗೊಂದು ಸ್ಟೇಷನ್. ಆಮ್‌ಸ್ಟರ್‌ಡ್ಯಾಮ್, ಲಂಡನ್ ಕಡೆಗೆ ಗಾರ್ ದು ನಾರ್. ಸ್ವಿಟ್ಜರ್‌ಲೆಂಡ್ ಕಡೆಗೆ ಗಾರ್ ದ ಲಿಯೋನ್. ಲುಸರ್ನ್‌ಗೆ ಹೋಗುವವರು ಇಲ್ಲಿ ಹತ್ತಿ ಬಾಸೆಲ್‌ನಲ್ಲಿ ರೈಲು ಬದಲಿಸಬೇಕು. ಯಾವ ಪ್ಲಾಟ್‌ಫಾರಂ ಅಂತ ಬೋರ್ಡಿನ ಮೇಲೆ ಬರುವುದು ಹೊರಡುವ ಇಪ್ಪತ್ತು ನಿಮಿಷ ಮುಂಚೆ. ಅಲ್ಲಿಯವರೆಗೆ ನೂರಾರು ಜನ ಕತ್ತೆತ್ತಿ ನಿಂತಿರುತ್ತಾರೆ. ನಂಬರು ಬಿತ್ತೋ, ಎಲ್ಲರೂ ಒಂದೇ ಸಲ ಓಡುತ್ತಾರೆ. ಹೊರಡುವ ಎರಡು ನಿಮಿಷ ಮುಂಚೆ ಬಾಗಿಲು ಹಾಕಿಕೊಳ್ಳುತ್ತದೆ, ಆಮೇಲೆ ಬಡಿದರೂ ತೆಗೆಯುವುದಿಲ್ಲ. ನಮ್ಮ ಹಾಗೆ ಕೂಲಿಗಳು ಇರುವುದಿಲ್ಲ. ಬೋಗಿಯ ಮೆಟ್ಟಿಲಿಗೆ ಸೂಟ್‌ಕೇಸ್ ಎತ್ತುವವರು ನೀವೇ. ಹಾಗಾಗಿ ಸೂಟ್‌ಕೇಸ್ ಕೊಳ್ಳುವ ಮೊದಲು ಮನೆಯಲ್ಲೇ ಅದನ್ನು ತುಂಬಿ ಒಂದು ಮಹಡಿ ಹತ್ತಿಸಿ ನೋಡಿ. ಹತ್ತಿಸಲಾಗದಿದ್ದರೆ ಚಿಕ್ಕದು ತಗೊಳ್ಳಿ. ಅಮ್ಮನವರ ಪೆಟ್ಟಿಗೆಯೂ ಕೊನೆಗೆ ಭಾವನ ಕೈಗೇ ಬರುವುದು.

ಎಲ್ಲರೂ ಕೇಳುವ ಇನ್ನೊಂದು ಪ್ರಶ್ನೆ, ಯೂರೇಲ್ ಪಾಸ್, ಅಂದರೆ ಹಲವು ದೇಶಗಳ ರೈಲಿಗೆ ಒಂದೇ ಪಾಸ್. 33 ದೇಶಗಳಲ್ಲಿ ನಡೆಯುತ್ತದೆ, ಕೇಳಲು ಚೆನ್ನಾಗಿದೆ. ಆದರೆ ಫ್ರಾನ್ಸಿನ ವೇಗದ ರೈಲಾದ ಟಿಜಿವಿಯಲ್ಲೂ ಇಟಲಿಯ ವೇಗದ ರೈಲಿನಲ್ಲೂ ಪಾಸ್ ಇದ್ದರೂ ಸೀಟಿಗೆ ಬೇರೆ ದುಡ್ಡು ಕಟ್ಟಿ ಕಾಯ್ದಿರಿಸಬೇಕು. ನಾಲ್ಕು ಊರಿನ ಪ್ರವಾಸಕ್ಕೆ ಬಿಡಿ ಟಿಕೆಟ್ಟನ್ನು ಮುಂಚೆ ತೆಗೆದರೆ ಸಾಮಾನ್ಯವಾಗಿ ಅದೇ ಅಗ್ಗ. ಈ ರೈಲುಗಳ ದರ ವಿಮಾನದ್ದರ ತರಹ ಏರುತ್ತಾ ಹೋಗುತ್ತದೆ. ಕೊನೆ ಗಳಿಗೆಯಲ್ಲಿ ತೆಗೆದವನಿಗೆ ಬರೆ. ಪಾಸ್ ಲಾಭ ಆಗುವುದು ಜರ್ಮನಿ, ಆಸ್ಟ್ರಿಯಾ ಕಡೆ ದಿನಾ ರೈಲು ಹತ್ತಿ ಇಳಿಯುವವರಿಗೆ. ಹಾಗಂತ ಜರ್ಮನಿಯ ರೈಲು ಗಡಿಯಾರದಷ್ಟು ಕರಾರುವಾಕ್ಕು ಅಂತ ಇನ್ನೂ ನಂಬಿದ್ದರೆ ಬಿಟ್ಟುಬಿಡಿ. 2024ರಲ್ಲಿ ಅಲ್ಲಿನ ದೂರದ ರೈಲುಗಳಲ್ಲಿ ಹೊತ್ತಿಗೆ ಸರಿಯಾಗಿ ಬಂದದ್ದು ಶೇ. 62.5 ಮಾತ್ರ.

ಸ್ವಿಟ್ಜರ್‌ಲೆಂಡ್ ಲೆಕ್ಕವೇ ಬೇರೆ. ಅಲ್ಲಿ ಸ್ವಿಸ್ ಟ್ರಾವೆಲ್ ಪಾಸ್ ತಗೊಳ್ಳಿ. ಲುಸರ್ನ್ ಸ್ಟೇಷನ್ನಿನಿಂದ ಹೊರಗೆ ಬಂದರೆ ಎದುರಿಗೇ ಸರೋವರ, ದೋಣಿಕಟ್ಟೆ. ದೋಣಿಯಲ್ಲಿ ವಿಟ್ಸ್‌ನೌಗೆ ಹೋಗಿ, ಅಲ್ಲಿಂದ ಹಲ್ಲುಚಕ್ರದ ರೈಲಿನಲ್ಲಿ ರಿಗಿ ಬೆಟ್ಟ ಹತ್ತಬಹುದು. 1871ರಲ್ಲಿ ಶುರುವಾದ ಈ ರೈಲು ಯುರೋಪಿನ ಮೊದಲ ಬೆಟ್ಟದ ರೈಲು. ದೋಣಿ, ರೈಲು ಎರಡೂ ಪಾಸ್‌ನಲ್ಲೇ ಬಂತು. ನಮ್ಮವರೆಲ್ಲ 3,454 ಮೀಟರ್ ಎತ್ತರದ ಹಿಮದ ತಾಣ ಯುಂಗ್‌ಫ್ರಾವ್‌ಯೋಖ್‌ಗೇ ಮುಗಿಬೀಳುತ್ತಾರೆ. ಅದಕ್ಕೆ ಪಾಸ್ ಇದ್ದರೂ ಮೇಲೆ ದುಡ್ಡು ಕೊಡಬೇಕು, ಮೋಡ ಕವಿದರೆ ಬಿಳಿ ಗೋಡೆ ಬಿಟ್ಟು ಏನೂ ಕಾಣುವುದಿಲ್ಲ. ಮಂಡಿನೋವಿನ ಅಮ್ಮನಿಗೂ ಜೇಬಿಗೂ ರಿಗಿಯೇ ವಾಸಿ. ಹಿಮ ಮುಟ್ಟಲೇಬೇಕು ಅನ್ನುವ ಮಕ್ಕಳಿದ್ದರೆ ಮಾತ್ರ ಬೇರೆ ಮಾತು.

ಲುಸರ್ನ್‌ನಿಂದ ಮಿಲಾನ್ ಮೂಲಕ ಫ್ಲಾರೆನ್ಸ್‌ಗೆ ಹೋಗುವ ದಾರಿಯಲ್ಲಿ ಗೊಟ್ಹಾರ್ಡ್ ಸುರಂಗ ಬರುತ್ತದೆ. 57 ಕಿ.ಮೀ., 2016ರಲ್ಲಿ ತೆರೆದದ್ದು, ಪ್ರಪಂಚದಲ್ಲೇ ಉದ್ದದ ರೈಲು ಸುರಂಗ. ಇಪ್ಪತ್ತು ನಿಮಿಷದಲ್ಲಿ ಆಚೆ. ಕಾರಿನವರಿಗೆ ಬೇರೆ ಸುರಂಗ, ಹದಿನೇಳು ಕಿ.ಮೀ. ಬೇಸಿಗೆಯ ವಾರಾಂತ್ಯದಲ್ಲಿ ಅದರ ಬಾಯಿಗೆ ಕಿಲೋಮೀಟರುಗಟ್ಟಲೆ ಸಾಲು. ಮೇಲೆ ಸ್ವಿಸ್ ಹೆದ್ದಾರಿಗೆ 40 ಫ್ರಾಂಕಿನ ಸ್ಟಿಕರ್ ಬೇಕು, ಒಂದು ದಿನ ಓಡಿಸಿದರೂ ಅಷ್ಟೇ, ವರ್ಷಪೂರ್ತಿ ಓಡಿಸಿದರೂ ಅಷ್ಟೇ. ಪ್ಯಾರಿಸ್‌ನಲ್ಲಿ ತಗೊಂಡ ಕಾರನ್ನು ರೋಮ್‌ನಲ್ಲಿ ಬಿಡುತ್ತೇನೆ ಅಂದರೆ ಕೇಳುವ ಹೆಚ್ಚುವರಿ ದುಡ್ಡು ನೋಡಿ ಭಾವನೂ ಸ್ವಲ್ಪ ತಣ್ಣಗಾದರು.

ಹಾಗಾದರೆ ಕಾರು ಎಲ್ಲಿ? ಫ್ಲಾರೆನ್ಸ್ ಸುತ್ತಲಿನ ಟಸ್ಕನಿ ಸೀಮೆಯಲ್ಲಿ. ಪಿಯೆಂಜಾ, ಮೊಂಟೆಪುಲ್ಚಾನೊ ಕಡೆಯ ಗುಡ್ಡದೂರುಗಳಿಗೆ ರೈಲು ಹೋಗುವುದಿಲ್ಲ, ಬಸ್ಸೂ ಕಡಿಮೆ. ಫ್ಲಾರೆನ್ಸ್ ವಿಮಾನ ನಿಲ್ದಾಣದಲ್ಲಿ ಕಾರು ತಗೊಂಡು ಅಲ್ಲೇ ವಾಪಸ್ ಕೊಡಿ, ಊರೊಳಗೆ ಮಾತ್ರ ತರಬೇಡಿ. ಫ್ಲಾರೆನ್ಸ್, ಸಿಯೆನಾದಂಥ ಹಳೇ ಪಟ್ಟಣಗಳ ನಡುಭಾಗಕ್ಕೆ ಹೊರಗಿನ ಗಾಡಿ ನುಗ್ಗುವಂತಿಲ್ಲ. 'ಝಡ್ ಟಿ ಎಲ್' ಅಂತ ಬೋರ್ಡು, ಮೇಲೊಂದು ಕ್ಯಾಮೆರಾ. ಗೇಟಿಲ್ಲ, ಪೊಲೀಸ್ ಇಲ್ಲ, ಯಾರೂ ತಡೆಯುವುದಿಲ್ಲ. ಬೆಂಗಳೂರಿಗೆ ಬಂದು ಎಲ್ಲ ಮರೆತ ಮೇಲೆ ದಂಡದ ಕಾಗದ ಬರುತ್ತದೆ. ಪರದೇಶದವರಿಗೆ ನೋಟಿಸ್ ಕಳಿಸಲು ಅವರಿಗೆ 360 ದಿನ ಅವಕಾಶ ಇದೆ. ನಿಮ್ಮ ವಿಳಾಸ ಕೊಟ್ಟಿದ್ದಕ್ಕೆ ಅಂತ ಬಾಡಿಗೆ ಕಂಪನಿಯೂ ಕಾರ್ಡಿನಿಂದ ಬೇರೆ ಕಿತ್ತುಕೊಳ್ಳುತ್ತದೆ. ಆರ್‌ಟಿಓದಲ್ಲಿ ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸಿಕೊಳ್ಳುವುದು ಮರೆಯಬೇಡಿ, ಒಂದು ವರ್ಷ ನಡೆಯುತ್ತದೆ. ಆಟೋಮ್ಯಾಟಿಕ್ ಬೇಕಿದ್ದರೆ ಬುಕ್ ಮಾಡುವಾಗಲೇ ಹೇಳಿ. ಬಲಗಡೆ ಓಡಿಸುತ್ತಾ ಬಲಗೈಯಲ್ಲಿ ಗೇರು ಹಾಕುವ ಸರ್ಕಸ್ ಸುಮ್ನೆ ಯಾಕೆ?

ಊಟದ ಚಿಂತೆ ಜಾಸ್ತಿ ಬೇಡ. ಚಟ್ನಿಪುಡಿ, ಅವಲಕ್ಕಿ ಒಯ್ಯಿರಿ. ತುಪ್ಪ, ಪೇಡ ಬಿಟ್ಟು ಹೋಗಿ, ಹಾಲಿನ ಪದಾರ್ಥ ಹೊರಗಿನಿಂದ ತರುವಂತಿಲ್ಲ. ಅಡುಗೆಮನೆ ಇರುವ ರೂಮು ಹಿಡಿದರೆ ಮೊಸರನ್ನಕ್ಕೆ ಮೋಸವಿಲ್ಲ. ಲುಸರ್ನ್‌ನಲ್ಲಿ ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಸ್ಟೇಷನ್ನಿನೊಳಗಿನವು ತೆಗೆದಿರುತ್ತವೆ.

ಈಗ ವೀಸಾ. ಶೆಂಗೆನ್ ವೀಸಾ ಒಂದಿದ್ದರೆ 29 ದೇಶ. ಲಂಡನ್ ಅದರಲ್ಲಿ ಇಲ್ಲ, ಅದಕ್ಕೆ ಬೇರೆಯೇ ವೀಸಾ. ಜಾಸ್ತಿ ರಾತ್ರಿ ಯಾವ ದೇಶದಲ್ಲೋ ಅಲ್ಲಿಗೇ ಅರ್ಜಿ ಹಾಕಬೇಕು. ಮೇಲಿನ ಪಟ್ಟಿಯಲ್ಲಿ ಇಟಲಿಗೆ ಐದು ರಾತ್ರಿ, ಆದ್ದರಿಂದ ಇಟಲಿ. ಪ್ಯಾರಿಸ್‌ನಲ್ಲಿ ಇಳಿಯುತ್ತೇವೆ ಅಂತ ಫ್ರಾನ್ಸಿಗೆ ಹಾಕಬೇಡಿ. ಅಗ್ಗದ ರೈಲು ಟಿಕೆಟ್ ರದ್ದು ಮಾಡಿದರೆ ದುಡ್ಡು ಬರುವುದಿಲ್ಲ, ಕಾದರೆ ದರ ಏರುತ್ತದೆ. ಅರ್ಜಿಯನ್ನು ಆರು ತಿಂಗಳ ಮುಂಚೆಯೇ ಹಾಕಬಹುದು. ಭಾವನವರಿಗೂ ಅದನ್ನೇ ಹೇಳಿದ್ದೇನೆ: ಮೊದಲು ಅಪಾಯಿಂಟ್‌ಮೆಂಟ್, ಪಾಸ್‌ಪೋರ್ಟಿನಲ್ಲಿ ವೀಸಾ ಅಂಟಿದ ದಿನ ರಾತ್ರಿಯೇ ರೈಲು ಟಿಕೆಟ್.